ಬಸಲಿಂಗವ್ವನ ಒದ್ದೆ ಬಟ್ಟೆ

"ನಾನು ಕ್ಷಮೆ ಕೇಳಿದ್ದೇನೆ. ಅವನು ಕ್ಷಮಿಸಿದ್ದೇನೆ ಎಂದಿದ್ದಾನೆ. ಆದರೂ ಅವನ ಮುಖ ಯಾಕೆ ತಿಳಿಯಾಗುತ್ತಿಲ್ಲ, ಗುರುಗಳೇ?" ಎಂದು ವೀರಭದ್ರ ಕೇಳಿದ.

ವೀರಭದ್ರ ಮಠದಲ್ಲಿದ್ದು ಓದುತ್ತಿದ್ದ ಶಿಷ್ಯ. ಊಟದ ಪಂಕ್ತಿಯಲ್ಲಿ ಬಡಿಸುವ ಹೊಣೆಯೂ ಅವನದೇ. ಅವನು ಬಂದಾಗ ಗುರುಗಳು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ಕಟ್ಟಿ ಕೂತು ಉಪದೇಶ ಮಾಡುವುದು ಅವರಿಂದ ಆಗದು. ಪ್ರಶ್ನೆ ಹೊತ್ತು ಬಂದವರನ್ನೂ ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ವೀರಭದ್ರನ ಮುಂದೆ ಒಂದು ಬೊಗಸೆ ಹುಣಸೆಹಣ್ಣು ಸುರಿದು, "ಯಾರ ಮುಖ?" ಎಂದರು.

"ಗುರುಪಾದನದು."

ಗುರುಪಾದನೂ ಮಠದ ಶಿಷ್ಯನೇ. ಚಿಕ್ಕವನಿದ್ದಾಗ ತಂದೆತಾಯಿಯನ್ನು ಕಳೆದುಕೊಂಡವನು. ಸಂಬಂಧಿಕರು ಯಾರೋ ಅವನನ್ನು ಮಠಕ್ಕೆ ತಂದು ಬಿಟ್ಟು ಹೋಗಿದ್ದರು. ಅವನೂ ವೀರಭದ್ರನೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಅವರಿಬ್ಬರನ್ನು ಬೇರೆ ಬೇರೆಯಾಗಿ ನೋಡಿದವರು ಮಠದಲ್ಲಿ ಕಡಿಮೆ.

"ಏನು ಅಂದಿದ್ದೆ ಅವನಿಗೆ?"

ವೀರಭದ್ರ ತಲೆ ತಗ್ಗಿಸಿದ. "ಪಾಠದ ವಿಷಯಕ್ಕೆ ಜಗಳವಾಯಿತು. ಅವನು ನನ್ನ ತಪ್ಪು ತೋರಿಸಿದ. ನನಗೆ ಸಿಟ್ಟು ಬಂತು. 'ನೀನು ಇಲ್ಲಿಗೆ ಬಂದದ್ದು ಓದಿಗಲ್ಲ, ಅನ್ನಕ್ಕೆ' ಅಂದುಬಿಟ್ಟೆ. ಊಟದ ಪಂಕ್ತಿಯಲ್ಲಿ ಎಲ್ಲರೂ ಇದ್ದರು."

ಗುರುಗಳ ಕೈ ಕ್ಷಣಹೊತ್ತು ನಿಂತಿತು. ಅವರಿಗೆ ನಿಜಕ್ಕೂ ನೋವಾಗಿತ್ತು. ಮತ್ತೆ ಬೀಜ ಬಿಡಿಸತೊಡಗಿ, "ಆಮೇಲೆ?" ಎಂದರು.

"ಅವತ್ತೇ ಸಂಜೆ ಅವನ ಕಾಲು ಹಿಡಿದೆ. 'ಆಯ್ತು ಬಿಡು, ಸಿಟ್ಟಿನಲ್ಲಿ ಬಂದ ಮಾತು' ಅಂದ. ನನ್ನ ಎದೆ ಹಗುರಾಯಿತು. ಆದರೆ ಮಾರನೆಯ ದಿನ ಅವನು ಊಟಕ್ಕೆ ಕೂತಾಗ ಮುಖದ ಮೇಲೆ ಏನೋ ಇತ್ತು. ಮತ್ತೆ ಕೇಳಿದೆ. ಅಂದಿನಿಂದ ದಿನವೂ ಕೇಳುತ್ತಿದ್ದೇನೆ. ಎಲ್ಲರೆದುರು ಆಡಿದ ಮಾತು ತಾನೇ, ಎಲ್ಲರೆದುರೇ ಕೇಳುತ್ತೇನೆ. ಸುತ್ತಿ ಬಳಸಿ ಕೇಳುವುದೂ ಇಲ್ಲ. 'ಅನ್ನಕ್ಕೆ ಬಂದವನು ಅಂದೆನಲ್ಲ, ಅದು ನನ್ನ ತಪ್ಪು' ಎಂದು ಬಾಯಿಬಿಟ್ಟು ಹೇಳುತ್ತೇನೆ. ಪ್ರತಿ ಸಲವೂ ಅವನು 'ಆಯ್ತು' ಅನ್ನುತ್ತಾನೆ. ಆದರೆ ಮುಖ ಮೊದಲಿಗಿಂತ ಸಣ್ಣದಾಗುತ್ತದೆ. ಹೊಟ್ಟೆ ತುಂಬ ಉಣ್ಣುತ್ತಿದ್ದವನು ಈಗ ಒಂದು ರೊಟ್ಟಿಗೇ ಎದ್ದುಬಿಡುತ್ತಾನೆ. ನಿನ್ನೆ ಬಟ್ಟೆಯೆಲ್ಲ ಮಡಿಸಿ ಚೀಲಕ್ಕೆ ತುಂಬಿಟ್ಟಿದ್ದಾನೆ. ಮಠ ಬಿಟ್ಟು ಹೊರಟುಹೋಗುತ್ತಾನೆ, ಗುರುಗಳೇ. ಅವನಿಗೆ ಹೋಗಲು ಎಲ್ಲಿಯೂ ಜಾಗವಿಲ್ಲ."

ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು.

"ಹುಣಸೆಹಣ್ಣಿನ ಮೇಲೆ ಕಣ್ಣೀರು ಹಾಕಬೇಡ. ಅದಕ್ಕೆ ಆಗಲೇ ಉಪ್ಪು ಹಾಕಿದ್ದಾರೆ" ಎಂದರು ಗುರುಗಳು. "ಸ್ವಲ್ಪ ಆಚೆ ಸರಿದು ಕೂತು ಕೇಳು. ನಿನಗೊಂದು ಖಾನಾವಳಿಯ ಕತೆ ಹೇಳುತ್ತೇನೆ."

ಹೀಗೆಂದು ಗುರುಗಳು ಕತೆ ಹೇಳಿದರು.

ಒಂದು ಊರಿನ ಸಂತೆ ಬೀದಿಯಲ್ಲಿ ಬಸಲಿಂಗವ್ವ ಎಂಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ. ನಾನೂ ಅಲ್ಲಿ ಉಂಡಿದ್ದೇನೆ. ಆ ಎಣ್ಣೆಗಾಯಿಯ ಬಗ್ಗೆ ಹೇಳತೊಡಗಿದರೆ ಕತೆ ಮುಂದೆ ಹೋಗುವುದಿಲ್ಲ, ಆದ್ದರಿಂದ ಬಿಡುತ್ತೇನೆ.

ಅಡುಗೆಮನೆಗೂ ಊಟದ ಮನೆಗೂ ನಡುವೆ ಒಂದು ದೊಡ್ಡ ಕಿಟಕಿ ಇತ್ತು. ಉಣ್ಣಲು ಕೂತವರಿಗೆ ಒಲೆಯ ಕಟ್ಟೆ, ಅದರ ಹಿಂದಿನ ಗೋಡೆ, ರೊಟ್ಟಿ ಬಡಿಯುವ ಅವಳ ಕೈ ಎಲ್ಲವೂ ಕಾಣುತ್ತಿದ್ದವು. ಒಂದು ದಿನ ಕಾಳುಕಡಿ ಮಾರುವ ಅಡತಿ ಅಂಗಡಿಯ ಗುಮಾಸ್ತನೊಬ್ಬ ಉಂಡು ಕೈ ತೊಳೆಯುತ್ತ, "ಅಡಿಗಿ ಭಾಳ ಚಲೋ ಐತಿ ಬಸಲಿಂಗವ್ವ, ಅಡಿಗಿಮನಿ ಮಾತ್ರ ಹೊಲಸು" ಎಂದ. ತಮಾಷೆಗೆ ಅಂದದ್ದು. ನಾಲ್ಕು ಜನ ನಕ್ಕರು. ಅವನು ಮಾರನೆಯ ದಿನ ಎಂದಿನಂತೆ ಉಣ್ಣಲು ಬಂದ. ಅಂದದ್ದು ಅವನಿಗೆ ನೆನಪೂ ಇರಲಿಲ್ಲ.

ಬಸಲಿಂಗವ್ವನಿಗೆ ಮಾತ್ರ ಆ ಮಾತು ಒಳಗೆ ಕೂತುಬಿಟ್ಟಿತು. ಅವಳು ಹೊಲಸು ಹೆಂಗಸಾಗಿರಲಿಲ್ಲ. ಕಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸದೆ ಅವರ ಮನೆಯಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ. ಕೊನೆಯ ಊಟ ಮುಗಿದ ಮೇಲೆ ಇನ್ನೊಮ್ಮೆ ಒರೆಸದೆ ದೀಪ ಆರಿಸುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳಿಗೆ ಮೊದಲು ಕಲಿಸಿದ ಕೆಲಸವೇ ಅದು. ಸದಾ ಒಂದು ಒದ್ದೆ ಬಟ್ಟೆ ಅವಳ ಹೆಗಲ ಮೇಲಿರುತ್ತಿತ್ತು. ಬಾಗಿಲಿಗೆ ಬಂದವರ ಜೊತೆ ಮಾತಾಡುವಾಗಲೂ ಕೈ ತಾನಾಗಿ ಬಾಗಿಲನ್ನು ಒರೆಸುತ್ತಿತ್ತು. ಆದರೆ ಹಳೆಯ ಕಡಪಾ ಕಲ್ಲಿನ ಕಟ್ಟೆ ಎಷ್ಟು ಒರೆಸಿದರೂ ಕರಿಯೇ. ಹಿಂದಿನ ಗೋಡೆಗೆ ವರ್ಷಗಳ ಹೊಗೆ ಹಿಡಿದಿತ್ತು.

ಬೇರೆಯವಳಾಗಿದ್ದರೆ ಗುಮಾಸ್ತನಿಗೆ ತಿರುಗಿ ನಾಲ್ಕು ಮಾತು ಅಂದು ಕೈ ತೊಳೆದುಕೊಳ್ಳುತ್ತಿದ್ದಳು. ಇವಳು ಖಾನಾವಳಿ ಮುಚ್ಚಿ, ಕಟ್ಟೆಗೂ ಗೋಡೆಗೂ ಬಿಳಿ ಟೈಲ್ಸ್ ಹಾಕಿಸಲು ಹೊರಟಳು. ಊರಿನಲ್ಲಿ ಬೇರೆ ಖಾನಾವಳಿಗಳೂ ಇದ್ದವು. ಬಹಳ ದಿನ ಮುಚ್ಚಿದರೆ ಗಿರಾಕಿಗಳು ಅತ್ತ ತಿರುಗುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಆ ಕಿಟಕಿಯಲ್ಲಿ ಬಿಳಿ ಗೋಡೆ ಕಾಣಬೇಕು, ಆ ಗುಮಾಸ್ತ ಅದನ್ನು ನೋಡಬೇಕು. ಅವಳ ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ.

ಗಾರೆ ಕೆಲಸಕ್ಕೆ ಒಬ್ಬ ಗೌಂಡಿ ಬಂದ. ಅವನ ಕೈ ಚಲೋ, ಬಾಯಿ ಅದಕ್ಕಿಂತ ಚಲೋ. ತಾನು ಹಾಕಿದ ಟೈಲ್ಸ್ ಮೇಲೆ ಆನೆ ನಡೆದರೂ ಬಿರಿಯುವುದಿಲ್ಲ ಎಂದು ಕೊಚ್ಚಿಕೊಳ್ಳುತ್ತಲೇ ಕೆಲಸ ಮಾಡಿದ. ಒಲೆಯ ಹಿಂದಿನ ಗೋಡೆಗೆ ಆನೆ ಹೇಗೆ ಹತ್ತುತ್ತದೆ ಎಂದು ಯಾರೂ ಕೇಳಲಿಲ್ಲ. ಟೈಲ್ಸ್ ನಡುವೆ ಒಂದೇ ಸಮನೆ ಸಂದಿ ಬಿಟ್ಟು ಕೂರಿಸಿದ. ಅವು ಹಿಡಿದುಕೊಂಡ ಮೇಲೆ ಸಂದಿ ತುಂಬುವ ಗ್ರೌಟ್ ಪುಡಿಗೆ ನೀರು ಹಾಕಿ ಗಟ್ಟಿ ಚಟ್ನಿಯ ಹದಕ್ಕೆ ಕಲಸಿದ. ರಬ್ಬರ್ ಪಟ್ಟಿಯಿಂದ ಓರೆಯಾಗಿ ಒತ್ತಿ ಒತ್ತಿ ಸಂದಿಗಳ ಆಳಕ್ಕೆ ಇಳಿಸಿದ. ಮೇಲೆ ಉಳಿದದ್ದನ್ನು ಕೆರೆದು ತೆಗೆದ. ಸ್ವಲ್ಪ ಬಿಗಿಯಾದ ಮೇಲೆ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒಂದು ಸಲ ಮೇಲೆ ಮೇಲೆ ಸವರಿ, ಸಾಮಾನು ಕಟ್ಟಿದ.

ಬೇರೆ ಊರಿನಲ್ಲಿ ಅವನಿಗೆ ಇನ್ನೊಂದು ಕೆಲಸ ಕಾಯುತ್ತಿತ್ತು. ಬೈಕು ಶುರು ಮಾಡಿ, ಒಂದು ಕಾಲು ನೆಲದ ಮೇಲಿಟ್ಟುಕೊಂಡೇ ಹೇಳಿದ: "ಅವ್ವಾ, ಒಣಗಿದ ಮ್ಯಾಲೆ ಟೈಲ್ಸ್ ಮ್ಯಾಲೆ ಬೂದಿ ಬಳದಂಗ ಒಂದು ಪೊರೆ ಬರ್ತೈತಿ. ಅದಕ್ಕ ನೀರು ಹಚ್ಚಬ್ಯಾಡ್ರಿ. ನಾಳೆ ಒಣ ಬಟ್ಟೀಲೆ ಒರಸ್ರಿ, ಹೋಗ್ತೈತಿ. ಸಂದಿ ಗಟ್ಟಿ ಆಗೋ ತನಕ ನೀರು ಮುಟ್ಟಿಸಬ್ಯಾಡ್ರಿ."

ಬೈಕಿನ ಸದ್ದಿನಲ್ಲಿ ಅವಳಿಗೆ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಕೇಳಿದ ಅರ್ಧವೂ ಅವಳ ಕೈಗೆ ತಲುಪಲಿಲ್ಲ.

ಸಂಜೆಯ ಹೊತ್ತಿಗೆ ಪೊರೆ ಬಂತು. ಹೊಸ ಬಿಳಿ ಟೈಲ್ಸ್ ಮಂಕಾಗಿ, ಹಿಟ್ಟು ಚೆಲ್ಲಿದ ಹಾಗೆ ಕಾಣತೊಡಗಿದವು. ಬಸಲಿಂಗವ್ವ ಕಿಟಕಿಯ ಆಚೆ ಹೋಗಿ, ಗುಮಾಸ್ತ ಕೂರುವ ಜಾಗದಲ್ಲೇ ಕೂತು ನೋಡಿದಳು. ಅವಳಿಗೆ ಕಂಡದ್ದು ಒಂದೇ, ಹೊಲಸು. ಎದ್ದು ಬಂದು ಹೆಗಲ ಮೇಲಿನ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಒರೆಸಿದಳು. ಗೋಡೆ ಫಳಫಳ ಹೊಳೆಯಿತು. ಅವಳ ಜೀವಕ್ಕೆ ಸಮಾಧಾನವಾಯಿತು.

ನೀರು ಆರಿತು. ಪೊರೆ ಮತ್ತೆ ಬಂತು. ಮತ್ತೆ ಒರೆಸಿದಳು, ಈ ಸಲ ಇನ್ನಷ್ಟು ನೀರು ಹಾಕಿ, ಇನ್ನಷ್ಟು ಒತ್ತಿ. ಒರೆಸಿದಾಗ ಹೊಳೆಯುವುದು, ಆರಿದಾಗ ಮಂಕಾಗುವುದು. ಬಕೆಟ್ಟಿನ ನೀರು ಹಾಲಿನಂತೆ ಬೆಳ್ಳಗಾಯಿತು. ಅದನ್ನು ನೋಡಿ ಅವಳ ಹಟ ಹೆಚ್ಚಾಯಿತು.

ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ಅತ್ತೆ, "ಸಾಕು ಬಿಡವ್ವ, ಎಷ್ಟಂತ ಒರಸ್ತಿ?" ಎಂದಳು.

"ನೀವ ನೋಡ್ರಿ ಅತ್ತಿ, ಎಷ್ಟ್ ಬೆಳ್ಳನ ನೀರು ಬರಾಕತ್ತೈತಿ. ಒಳಗ ಇನ್ನೂ ಎಷ್ಟ್ ಹೊಲಸು ಕುಂತೈತೋ ಏನೋ!" ಎಂದಳು ಬಸಲಿಂಗವ್ವ.

ಅತ್ತೆ ಬಕೆಟ್ ನೋಡಿದಳು. ಅವಳಿಗೂ ಹೌದೆನ್ನಿಸಿತು. ಒರೆಸುವುದನ್ನು ಕಲಿಸಿದವಳೇ ಅವಳಲ್ಲವೇ?

ಮಾರನೆಯ ದಿನವೂ ಒರೆಸಿದಳು, ಅದರ ಮಾರನೆಯ ದಿನವೂ. ಕೊನೆಗೊಮ್ಮೆ ನೀರು ಆರಿದ ಮೇಲೂ ಪೊರೆ ಬರಲಿಲ್ಲ. ಗೋಡೆ ಕನ್ನಡಿಯಾಯಿತು. ಬಸಲಿಂಗವ್ವ ಗೆದ್ದೆ ಅಂದುಕೊಂಡಳು. ಬಿಳಿ ನೀರಿನ ಬಕೆಟ್ಟನ್ನು ಹಿತ್ತಲಿನ ಮೂಲೆಗೆ ಸರಿಸಿ, ಖಾನಾವಳಿಯ ಬಾಗಿಲು ತೆರೆದಳು.

ಬಂದವರೆಲ್ಲ ಕಿಟಕಿಯಲ್ಲಿ ಇಣುಕಿ ಹೊಗಳಿದರು. ಗೌಂಡಿಯೂ ಒಂದು ದಿನ ಉಣ್ಣಲು ಬಂದ. ದೂರದಿಂದಲೇ ಗೋಡೆ ನೋಡಿ, ಪಕ್ಕದವನಿಗೆ, "ನೋಡ್ರಿ, ಇದು ನನ್ನ ಕೈ" ಎಂದ. ಹತ್ತಿರ ಹೋಗಿ ನೋಡುವಷ್ಟು ಅವನಿಗೆ ಪುರುಸೊತ್ತಿರಲಿಲ್ಲ, ಎಣ್ಣೆಗಾಯಿ ಬಿಸಿ ಇತ್ತು. ಗುಮಾಸ್ತ ಮಾತ್ರ ಏನೂ ಅನ್ನಲಿಲ್ಲ. ಹಳೆಯ ಮಾತನ್ನೇ ಮರೆತವನು ಹೊಸ ಗೋಡೆಯನ್ನು ಯಾಕೆ ಗಮನಿಸುತ್ತಾನೆ? ಬಸಲಿಂಗವ್ವ ಅವನ ಮುಖ ನೋಡಿ ನೋಡಿ ಸೋತಳು. ಇನ್ನೂ ಎಲ್ಲೋ ಹೊಲಸು ಕಂಡಿರಬೇಕು ಎಂದುಕೊಂಡು, ಹೊತ್ತಿಗೊಮ್ಮೆ ಒರೆಸುತ್ತಿದ್ದವಳು ಗಳಿಗೆಗೊಮ್ಮೆ ಒರೆಸತೊಡಗಿದಳು.

ಇಲ್ಲಿಯವರೆಗೆ ಕೇಳಿದ ವೀರಭದ್ರ, "ಸಂದಿಗಳು ಏನಾದವು?" ಎಂದು ಕೇಳಿದ.

"ಅದನ್ನು ಅವಳು ಕೇಳಲಿಲ್ಲ ನೋಡು. ಅವಳ ಕಣ್ಣೆಲ್ಲ ಟೈಲ್ಸ್ ಮೇಲೆ" ಎಂದು ಗುರುಗಳು ಮುಂದುವರಿಸಿದರು.

ಮಳೆಗಾಲ ಬರುವುದರೊಳಗೆ ಸಂದಿಗಳು ಕಪ್ಪಾದವು. ಹಿಟ್ಟು, ಎಣ್ಣೆ, ಸಾರಿನ ನೀರು ಎಲ್ಲ ಅಲ್ಲಿಗೆ ಇಳಿದು, ಟೈಲ್ಸ್ ಹಿಂದಿನ ಹಿಡಿತವನ್ನೂ ಸಡಿಲಿಸಿತು. ಜಿರಳೆಗಳು ಬಂದು ಸಂಸಾರ ಹೂಡಿದವು. ಎಷ್ಟು ಒರೆಸಿದರೂ ಮುಗ್ಗಲು ವಾಸನೆ ಹೋಗಲಿಲ್ಲ. ಹೊಗೆ ಹಿಡಿದ ಹಳೆಯ ಗೋಡೆಯಲ್ಲಿ ಇಲ್ಲದ ಹೊಲಸು ಹೊಸ ಗೋಡೆಯ ಒಳಗೆ ತುಂಬಿಕೊಂಡಿತು.

ಒಂದು ಮಧ್ಯಾಹ್ನ ಪಂಕ್ತಿ ತುಂಬಿತ್ತು. ಬಸಲಿಂಗವ್ವ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಹಿಂದಿನ ಒಂದು ಟೈಲ್ ಸದ್ದಿಲ್ಲದೆ ಜಾರಿ, ಕುದಿಯುವ ಸಾರಿನ ಪಾತ್ರೆಗೆ ಬಿತ್ತು. ಅದರ ಹಿಂದಿನಿಂದ ಜಿರಳೆಗಳು ಕಟ್ಟೆಯ ಮೇಲೆಲ್ಲ ಹರಿದಾಡಿದವು. ಕಿಟಕಿಯಾಚೆ ಕೂತವರೆಲ್ಲ ನೋಡಿದರು. ಗುಮಾಸ್ತನೂ ನೋಡಿದ. ಅವನ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಎದ್ದು, ಕೈ ತೊಳೆದುಕೊಂಡು, ಒಂದು ಮಾತೂ ಆಡದೆ ಹೊರಗೆ ಹೋದ. ಹೊಲಸು ಎಂದು ಇನ್ನೊಮ್ಮೆ ಅಂದಿದ್ದರೂ ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಅನ್ನಿಸಿತು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಗೌಂಡಿಗೆ ಹೇಳಿ ಕಳಿಸಿದಳು. ಅವನು ಬರುವ ಹೊತ್ತಿಗೆ ಸಿಟ್ಟನ್ನೆಲ್ಲ ಕೂಡಿಟ್ಟುಕೊಂಡು ನಿಂತಿದ್ದಳು. "ಆನಿ ಏನ್ ಬಂತು, ಜಿರಳಿ ನಡದದ್ದಕ್ಕ ನಿನ್ನ ಗ್ವಾಡಿ ಬಿತ್ತು!" ಎಂದು ಕೂಗಾಡಿದಳು.

ಗೌಂಡಿ ಗೋಡೆಯ ಹತ್ತಿರ ಹೋದ. ಒಂದು ಸಂದಿಗೆ ಉಗುರು ಇಟ್ಟ. ಉಗುರು ಪೂರ್ತಿ ಒಳಗೆ ಹೋಯಿತು. ಇನ್ನೊಂದರಲ್ಲಿ ಇಟ್ಟ, ಅಲ್ಲಿಯೂ ಹಾಗೇ. ಅವನ ಮುಖ ಇಳಿದುಹೋಯಿತು.

"ಇದರಾಗ ತುಂಬಿದ್ದ ಗ್ರೌಟ್ ಎಲ್ಲಿ ಹೋತವ್ವಾ? ಯಾರ ತಗದ್ರು?"

"ಯಾರ್ ತಗೀತಾರೋ? ನಾ ಬಿಟ್ಟರ ಯಾರೂ ಮುಟ್ಟಿಲ್ಲ. ನಾನೂ ಬರೇ ಒರಸೇನಿ."

ಗೌಂಡಿ ಹಿತ್ತಲಿಗೆ ಹೋದ. ಮೂಲೆಯಲ್ಲಿ ಆ ಬಕೆಟ್ ಹಾಗೇ ಇತ್ತು. ನೀರು ಎಂದೋ ಆರಿಹೋಗಿತ್ತು. ಅವನು ಬಕೆಟ್ಟನ್ನು ಬೋರಲು ಹಾಕಿ ಬುಡಕ್ಕೆ ಎರಡು ಪೆಟ್ಟು ಹೊಡೆದ. ರೊಟ್ಟಿಯಷ್ಟು ಅಗಲದ, ರೊಟ್ಟಿಯಷ್ಟೇ ದುಂಡಗಿನ ಒಂದು ಬಿಳಿ ಬಿಲ್ಲೆ ನೆಲಕ್ಕೆ ಬಿತ್ತು. ಕಲ್ಲಿನಂತೆ ಗಟ್ಟಿ. ಅದನ್ನು ತಂದು ಅವಳ ಕೈಯಲ್ಲಿಟ್ಟ.

"ಇಲ್ಲೈತಿ ನೋಡ್ರಿ. ನೀವು ಹೊಲಸಂತ ತಿಳದು ತಗದದ್ದು ಇದನ್ನ" ಎಂದ. ಆಮೇಲೆ, "ನಾನೂ ಬೈಕಿನ ಮ್ಯಾಲೆ ಕುಂತು ಹೇಳಬಾರದಿತ್ತು. ಉಣ್ಣಾಕ ಬಂದಾಗರ ಒಂದು ಸಲ ಮುಟ್ಟಿ ನೋಡಬೇಕಿತ್ತು" ಎಂದ. ಅವನ ಬಾಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ.

ಬಸಲಿಂಗವ್ವ ಆ ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಕೂತಳು. ಬಹಳ ಹೊತ್ತು ಅತ್ತಳು. ಪಾಪ, ಅವಳು ಕಷ್ಟಪಟ್ಟದ್ದು ಸುಳ್ಳಲ್ಲ. ಆ ಬಿಲ್ಲೆಯಲ್ಲಿದ್ದದ್ದು ಅವಳ ಕಷ್ಟವೇ.

ಗೌಂಡಿ ಸಂದಿಗಳನ್ನು ಕೆರೆದು, ತೊಳೆದು, ಒಣಗಿಸಿ, ಮತ್ತೆ ತುಂಬಿದ. ಬಸಲಿಂಗವ್ವ ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಅತ್ತೆಯ ಕೈಗೆ ಕೊಟ್ಟು, ಬಚ್ಚಿಡಲು ಹೇಳಿದಳು. ಸಂಜೆ ಪೊರೆ ಬಂತು, ಮೊದಲಿನಂತೆಯೇ, ಬೂದಿ ಬಳಿದ ಹಾಗೆ. ಅವಳ ಕೈ ಒರೆಸಲು ತುಡಿಯಿತು. ಅಡುಗೆಮನೆಯ ಬಾಗಿಲು ಹಾಕಿಕೊಂಡು ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಒಮ್ಮೆ ಎದ್ದಳು, ಮತ್ತೆ ಕೂತಳು. ಕಟ್ಟೆ ಒರೆಸದೆ ಅವಳು ಮಲಗಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಮಾರನೆಯ ದಿನ ಅತ್ತೆಯ ಹಳೆಯ ಸೀರೆಯ ಒಣ ತುಂಡೊಂದನ್ನು ತೆಗೆದುಕೊಂಡು ಗೋಡೆಯ ಮೇಲೆ ಆಡಿಸಿದಳು. ಪೊರೆ ಪುಡಿಯಾಗಿ ಉದುರಿತು. ಕೆಳಗೆ ಬಿಳಿ ಗೋಡೆ ಇತ್ತು, ಸಂದಿಗಳು ತುಂಬಿದ್ದವು.

"ಇಷ್ಟೇನ?" ಎಂದಳು.

ಆಮೇಲೆ ಖಾನಾವಳಿ ನಡೆಯಿತು. ಹೋದವರಲ್ಲಿ ಕೆಲವರು ತಿರುಗಿ ಬಂದರು. ಗುಮಾಸ್ತ ಬಂದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹೋದಾಗ ಅವನ ಜಾಗದಲ್ಲಿ ಬೇರೆ ಯಾರೋ ಕೂತು ಉಣ್ಣುತ್ತಿದ್ದರು.

ಇಷ್ಟು ಹೇಳಿ ಗುರುಗಳು ಬಿಡಿಸಿದ ಹುಣಸೆಹಣ್ಣನ್ನು ಜಾಡಿಗೆ ತುಂಬತೊಡಗಿದರು.

ವೀರಭದ್ರ ಕೈಯಲ್ಲಿದ್ದ ಬೀಜವನ್ನು ಮಡಿಲಿಗೆ ಹಾಕಿಕೊಂಡ. "ಆದರೆ ಅವಳು ಒಳ್ಳೆಯದಕ್ಕೇ ಒರೆಸಿದಳಲ್ಲವೇ ಗುರುಗಳೇ?"

"ಹೌದು. ಕೆಟ್ಟದ್ದಾಗಲಿ ಎಂದು ಒರೆಸುವವರನ್ನು ನಾನು ಇನ್ನೂ ನೋಡಿಲ್ಲ."

ವೀರಭದ್ರನಿಗೆ ಏನೋ ಹೊಳೆದಂತಾಯಿತು. ಅವನ ಮುಖ ಅರಳಿತು. ಮಡಿಲಲ್ಲಿದ್ದ ಹುಣಸೆಬೀಜಗಳು ಚೆಲ್ಲಿಹೋಗುವಂತೆ ಎದ್ದು ನಿಂತ. "ತಿಳಿಯಿತು ಗುರುಗಳೇ. ದಿನವೂ ಕೇಳಿದ್ದೇ ನನ್ನ ತಪ್ಪು. ಈಗಲೇ ಹೋಗುತ್ತೇನೆ. ಪಂಕ್ತಿಗೆ ಎಲ್ಲರೂ ಸೇರುವ ಹೊತ್ತು. ಈ ಕತೆಯನ್ನೂ ಹೇಳಿ, 'ಅನ್ನಕ್ಕೆ ಬಂದವನು ಅಂದದ್ದಕ್ಕೆ ಇದೇ ಕೊನೆಯ ಸಲ ಕ್ಷಮೆ ಕೇಳುತ್ತಿದ್ದೇನೆ' ಎಂದು ಎಲ್ಲರೆದುರು ಹೇಳಿ ಮುಗಿಸಿಬಿಡುತ್ತೇನೆ."

ಊಟದ ಗಂಟೆ ಕೇಳಿಸಿತು. ಅಂಗಳದಾಚೆ ಗುರುಪಾದ ತಟ್ಟೆ ಹಿಡಿದು, ಯಾರ ಕಡೆಯೂ ನೋಡದೆ, ಪಂಕ್ತಿಯ ತುದಿಗೆ ಹೋಗಿ ಕೂರುತ್ತಿದ್ದ. ಗುರುಗಳು ಅವನನ್ನೇ ನೋಡುತ್ತ ಕೇಳಿದರು:

"ಸಿಟ್ಟಿನಲ್ಲಿ ನೀನು ಆ ಮಾತು ಆಡಿದ್ದು ಒಂದು ಸಲ, ಕ್ಷಮೆ ಕೇಳುತ್ತ ಎಷ್ಟು ಸಲ ಆಡಿದೆ, ವೀರಭದ್ರ?"